ಹಂಚು

ಬೆಟಗೇರಿಯ ಹೆಣ್ಣುಮಕ್ಕಳ ಶಾಲೆ, ಆರನೆಯ ವರ್ಗ,
ಬಿಸಿಯೂಟದ ಗಂಟೆಗೆ ಇನ್ನೂ ಹದಿನೈದು ನಿಮಿಷ.
ಅರ್ಧ, ಮೂರರಲ್ಲೊಂದು, ಕಾಲು,
ಕೂಡಿಸು ಅಂದರೆ ಸ್ಫೂರ್ತಿ ಮಡಿವಾಳರ
ಮೇಲಿನವು ಮೇಲೆ, ಕೆಳಗಿನವು ಕೆಳಗೆ ಕೂಡಿಸಿ
ಒಂಬತ್ತರ ನೆತ್ತಿಯ ಮೇಲೆ ಮೂರನ್ನು ಕೂರಿಸಿ
ಕೈಯ ಖಡುವಿನ ಪುಡಿ ಲಂಗಕ್ಕೆ ಒರೆಸಿಕೊಂಡಳು.

ತಪ್ಪು ಅನ್ನಲು ಬಾಯಿ ಬರಲಿಲ್ಲ.
ಇದೇ ಉತ್ತರ ನನ್ನದೂ ಆಗಿತ್ತು ಒಮ್ಮೆ
ಗದಗಿನ ಮುಳಗುಂದ ನಾಕಾದ ಹಿಂದೆ, ತಗಡಿನ ಸೂರಿನಡಿ
ಮೂವರು ಹೆಂಗಸರ ರೊಟ್ಟಿ ಅಂಗಡಿಯಲ್ಲಿ.

ಈರವ್ವ ಬಡಿಯುವಾಕೆ. ನಸುಕಿನ ನಾಲ್ಕಕ್ಕೆ
ಅವಳ ಅಂಗೈ ಸಪ್ಪಳಕ್ಕೇ ಓಣಿಯ ನಾಯಿ ಏಳುತ್ತಿತ್ತು.
ದಾವಲಬಿ ಒಲೆಯ ಮುಂದೆ, ಹೊಗೆಗೆ ಕಣ್ಣು ಕಿರಿದು ಮಾಡಿ
ಒದ್ದೆ ಅರಿವೆಯಿಂದ ರೊಟ್ಟಿಯ ಬೆನ್ನು ಸವರುವಳು.
ಹನ್ನೆರಡಕ್ಕೊಂದು ಕಟ್ಟು, ಹಳೇ ಧೋತರದ ಅಂಚಿನಿಂದ ಬಿಗಿದು
ಖಾನಾವಳಿ ಖಾನಾವಳಿಗೆ ಹೊತ್ತು ಮುಟ್ಟಿಸುವಾಕೆ
ನಮ್ಮವ್ವ, ಫಕೀರವ್ವ.

ಒಂದು ಶನಿವಾರ ಮಧ್ಯಾಹ್ನ ಗಲ್ಲೆ ಬಿಚ್ಚಿದರು:
ಮುನ್ನೂರ ತೊಂಬತ್ತು ರೂಪಾಯಿ.
"ಅರ್ಧಾ ದುಡಿಮಿ ನಂದು," ಈರವ್ವ ಮುಂಗೈ ಚಾಚಿದಳು.
"ಮೂರರಾಗ ಒಂದು ನಂದೈತಿ," ಅಂದಳು ದಾವಲಬಿ,
"ಕಣ್ಣೀರಿನ ಲೆಕ್ಕ ಬಿಟ್ಟು."
ಅವ್ವ ಸಿಂಬಿ ಬಿಚ್ಚುತ್ತ,
"ನಂಗ ಕಾಲು ಕೊಡ್ರಿ. ನಡದದ್ದೂ ಕಾಲೇ ಅಲ್ಲೇನು?"

ಸಾಲಿ ಕಲಿಯುವಾಕೆ ನಾನೊಬ್ಬಳೇ. ಪಾಟಿ ಕೈಗಿತ್ತರು.
ಕೂಡಿಸಿದೆ. ಒಂಬತ್ತರಲ್ಲಿ ಮೂರು.
ಅಂದರೆ ಮೂರರಲ್ಲಿ ಒಂದು.
ಒಬ್ಬರ ಮುಖ ಒಬ್ಬರು ನೋಡಿದರು.
"ಅಲ್ಲಬೇ, ದಾವಲಬಿ ಒಬ್ಬಾಕೀದ ಅಷ್ಟೈತಿ,
ನಮ್ಮಿಬ್ಬರ ದುಡಿಮಿ ಬೆಕ್ಕು ತಿಂತೇನು?"
ನಗೆಗೆ ಹಿಟ್ಟಿನ ಧೂಳು ಎದ್ದಿತು.

ಆಮೇಲೆ ದಾವಲಬಿ ಒಂದು ಕಟ್ಟು ಬಿಚ್ಚಿ
ಚಾಪೆಯ ಮೇಲೆ ಹರಡಿದಳು.
"ಮನಿಯಾಗ ನನ್ನ ಮಾತು ಒಂದು, ನಿಮ್ಮ ಮಾತು ಒಂದು.
ರೊಟ್ಟಿಗೆ ಎರಡೂ ತಿಳೀತಾವ. ಅದನ್ನ ಕೇಳೂಣು."
ಈರವ್ವನ ಮುಂದೆ ಆರು. ತನ್ನ ಮುಂದೆ ನಾಕು.
ಅವ್ವನಿಗೆ ಮೂರು ಬರಬೇಕು,
ಚಾಪೆಯ ಮೇಲೆ ಉಳಿದದ್ದು ಎರಡು.

ಸುಳ್ಳು ಹೇಳಿದವರು ಯಾರೂ ಇರಲಿಲ್ಲ.
ಒಲೆಯಲ್ಲಿ ಕಟ್ಟಿಗೆ ಚಟ್ ಅಂದಿತು.

ನನ್ನ ಉಡಿಯಲ್ಲಿತ್ತು ಅದು, ಅರ್ಧ ಕಡಿದದ್ದು.
ದಿನದ ಮೊದಲ ರೊಟ್ಟಿ.
ಹಂಚು ಇನ್ನೂ ತಣ್ಣಗಿರುವಾಗ ಬಿದ್ದು, ಅಂಟಿ, ಹರಿದು
ಒಂದು ಕಡೆ ಹಸಿ, ಒಂದು ಕಡೆ ಕರಿ,
ಯಾವ ಕಟ್ಟಿಗೂ ಸೇರದ್ದು, ಯಾರೂ ಎಣಿಸದ್ದು,
ಪುಂಡಿಪಲ್ಯ ಹಚ್ಚಿ ನನಗೆಂದು ಎತ್ತಿಡುತ್ತಿದ್ದದ್ದು.
ಎಣಿಕೆ ಮರೆತಿತ್ತು. ಕೈಗಳಿಗೆ ನೆನಪಿತ್ತು.

"ಹದಿಮೂರು ಗುಂಪಿ ಮಾಡು," ಅಂದಳು ಈರವ್ವ,
ನನ್ನ ಕಡೆ ನೋಡದೆ.
ಮೂವತ್ತರ ಹದಿಮೂರು ಗುಂಪು.
ನೂರ ಎಂಬತ್ತು, ನೂರ ಇಪ್ಪತ್ತು, ತೊಂಬತ್ತು.
ಉಳಿದರ್ಧ ರೊಟ್ಟಿ ತಿನ್ನಲು ಯಾಕೋ ನಾಚಿಕೆ.

ಛೇದ ಅಂದರೆ ಕತ್ತರಿಸುವುದು ಎನ್ನುತ್ತದೆ ಪುಸ್ತಕ,
ಸಮಚ್ಛೇದ ಅಂದರೆ ಎಲ್ಲವನ್ನೂ ಒಂದೇ ಅಳತೆಗೆ.
ನನ್ನ ಕಿವಿಗೆ ಬೇರೊಂದು ಮಾತು ಬಡಿಯುತ್ತದೆ: ಹಂಚು.
ಬೇಯಿಸುವುದೂ ಅದೇ, ಪಾಲು ಮಾಡುವುದೂ ಅದೇ.

"ಟೀಚರ್, ಎರಡ ಮೂರ್ಲೆ ಆರು, ಆರ ನಾಕ್ಲೆ ಇಪ್ಪತ್ನಾಲ್ಕು,
ಅದೂ ಆಗತೈತಲ್ರಿ?" ಹಿಂದಿನ ಬಾಕಿನಿಂದ ಯಾರೋ.
"ಆಗತೈತಿ. ಖರೆ ಒಂದು ಕಟ್ಟಿನಾಗ ಮುಗಿಯೂದಕ್ಕ
ಎರಡು ಕಟ್ಟು ಯಾಕ ಬಿಚ್ಚಬೇಕು?"
ಯಾವ ಕಟ್ಟು ಎಂದು ಯಾರೂ ಕೇಳಲಿಲ್ಲ.

ಬೋರ್ಡಿನ ಇನ್ನೊಂದು ಮಗ್ಗುಲಿಗೆ ಬರೆದೆ:
ಹನ್ನೆರಡರ ಮೇಲೆ ಆರು, ನಾಕು, ಮೂರು.
"ಒಂದಕ್ಕಿಂತ ಹೆಚ್ಚಾತಲ್ರಿ!"
ವಿಷಮ ಭಿನ್ನರಾಶಿ ಅನ್ನಬೇಕಿತ್ತು.
"ಮೊದಲು ಹಂಚು ಕಾಯಬೇಕಲ್ಲವಾ," ಅಂದುಬಿಟ್ಟೆ.

ಗಂಟೆಯಾಯಿತು. ತಾಟು ಬಡಿಯುತ್ತ ಓಡಿದರು.
ಸ್ಫೂರ್ತಿ ಮಾತ್ರ ಹಿಂದೆ ಉಳಿದು
ತನ್ನ ಒಂಬತ್ತನ್ನು ಮೊಣಕೈಯಿಂದ ಒರೆಸಿದಳು,
ಮೂರನ್ನು ಹಾಗೇ ಬಿಟ್ಟು.